ಬೆಳಿಗ್ಗೆ ಒಂದು ಗಂಟೆಗೆ ತಿಂಡಿ

ನೀವು ಕೇಳಿದ್ದೀರಿ: “ಇಡ್ಲಿ, ದೋಸೆ ಇಲ್ಲದ ದೇಶಗಳಲ್ಲಿ ಜನ ಬೆಳಿಗ್ಗೆ ಏನು ತಿನ್ನುತ್ತಾರೆ? ಎಲ್ಲ ಕಡೆ ಬ್ರೆಡ್ಡು, ಕಾರ್ನ್‌ಫ್ಲೇಕ್ಸ್ ಅಷ್ಟೇನಾ?”

ಖಂಡಿತ ಅಲ್ಲ. ಹತ್ತು ದೇಶಗಳ ಪಟ್ಟಿ ಕೊಡುವ ಬದಲು ನಾನೇ ಕೂತು ತಿಂದ ಒಂದು ದೇಶದ ಬಗ್ಗೆ ಹೇಳುತ್ತೇನೆ. ಇಥಿಯೋಪಿಯಾ. ಅಲ್ಲಿ ತಾನಾ ಸರೋವರದ ಪಕ್ಕದ ಬಾಹಿರ್ ದಾರ್ ಊರಿನಲ್ಲಿ ಮೂರು ವರ್ಷ ಮೇಷ್ಟ್ರಾಗಿದ್ದೆ. ನಮ್ಮ ಕಡೆಯಿಂದ ಹೀಗೆ ಪಾಠ ಮಾಡಲು ಆ ದೇಶಕ್ಕೆ ಹೋಗಿ ಬಂದವರು ಬೇಕಾದಷ್ಟು ಜನ ಇದ್ದಾರೆ.

ಮೊದಲು ಅಲ್ಲಿನ ಗಡಿಯಾರ ಅರ್ಥ ಮಾಡಿಕೊಳ್ಳಬೇಕು. ಅವರಿಗೆ ಹಗಲು ಶುರುವಾಗುವುದು ಸೂರ್ಯ ಹುಟ್ಟಿದಾಗ. ನಮ್ಮ ಬೆಳಗಿನ 7 ಗಂಟೆ ಅವರಿಗೆ ಒಂದು ಗಂಟೆ. ನಮ್ಮ ಮನೆ ಓನರ್ ಅಜ್ಜಿ ಮೊದಲ ವಾರವೇ “ನಾಳೆ ಒಂದು ಗಂಟೆಗೆ ಕುರ್ಸ್‌ಗೆ ಬಾ” ಅಂದಿದ್ದರು. ಕುರ್ಸ್ ಅಂದರೆ ಅಮ್ಹಾರಿಕ್ ಭಾಷೆಯಲ್ಲಿ ಬೆಳಗಿನ ತಿಂಡಿ. ಅಜ್ಜಿಯನ್ನು ಎಲ್ಲರೂ ಎಮಾಮಾ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಕಷ್ಟವೇನೂ ಆಗಲಿಲ್ಲ, ನಮ್ಮ ‘ಅಮ್ಮ’ನಿಗೆ ಅದು ಅಷ್ಟು ಹತ್ತಿರ ಇದೆ.

ಅವತ್ತು ಅವರು ಮಾಡಿದ್ದು ಫಿರ್‌ಫಿರ್. ಇದು ತಿಳಿಯಬೇಕಾದರೆ ಇಂಜೆರಾ ಗೊತ್ತಿರಬೇಕು. ತೆಫ್ ಅಂತ ಒಂದು ಧಾನ್ಯ ಇದೆ, ಸಾಸಿವೆಗಿಂತಲೂ ಸಣ್ಣದು. ಅದರ ಹಿಟ್ಟು ಕಲಸಿ, ಹಳೇ ಹಿಟ್ಟಿನ ಹುಳಿ ನೀರು ಸೇರಿಸಿ ಎರಡು ಮೂರು ದಿನ ಬಿಡುತ್ತಾರೆ. ಚೆನ್ನಾಗಿ ಹುಳಿ ಬಂದ ಮೇಲೆ ಅಗಲವಾದ ಮಣ್ಣಿನ ಕಾವಲಿ ಮೇಲೆ ಹೊರಗಿನಿಂದ ಒಳಕ್ಕೆ ಸುತ್ತುತ್ತಾ ಹುಯ್ಯುತ್ತಾರೆ. ಮುಚ್ಚಳ ಮುಚ್ಚುತ್ತಾರೆ, ಮಗುಚಿ ಹಾಕುವುದಿಲ್ಲ. ಮೇಲೆಲ್ಲಾ ತೂತು ತೂತು, ಥೇಟ್ ನಮ್ಮ ಸೆಟ್ ದೋಸೆ. ಆದರೆ ಗಾತ್ರದಲ್ಲಿ ಒಂದು ಇಡೀ ಹರಿವಾಣದಷ್ಟು. ಮಧ್ಯಾಹ್ನ ರಾತ್ರಿ ಎರಡೂ ಹೊತ್ತು ಸಾರಿನಂಥ ‘ವೊತ್’ ಜೊತೆ ಅದನ್ನೇ ತಿನ್ನುತ್ತಾರೆ.

ರಾತ್ರಿ ಇಂಜೆರಾ ಉಳಿಯುತ್ತದಲ್ವಾ? ಅದೇ ಬೆಳಿಗ್ಗೆ ಫಿರ್‌ಫಿರ್. ಎಮಾಮಾ ಮೊದಲು ಈರುಳ್ಳಿ ಹುರಿದರು. ಆಮೇಲೆ ಬೆರ್ಬೆರೆ ಹಾಕಿದರು. ಅದು ಒಣಮೆಣಸಿನಕಾಯಿ, ಮೆಂತ್ಯ, ಏಲಕ್ಕಿ ಜಾತಿಯ ಒಂದು ಕಾಯಿ ಎಲ್ಲ ಸೇರಿಸಿ ಕುಟ್ಟಿದ ಕೆಂಪು ಪುಡಿ. ಅವರ ಮನೆಯ ಸಾರಿನ ಪುಡಿ ಅನ್ನಿ. ಸ್ವಲ್ಪ ನೀರು ಬಿಟ್ಟು ಕುದಿಸಿ, ಕೊನೆಗೆ ಒಂದು ಚಮಚ ಮಸಾಲೆ ತುಪ್ಪ. ಆಮೇಲೆ ರಾತ್ರಿಯ ಇಂಜೆರಾವನ್ನು ಕೈಯಲ್ಲೇ ಹರಿದು ಹರಿದು ಅದರೊಳಗೆ ಬಿಟ್ಟರು. ತುಂಡುಗಳು ಕೆಂಪು ರಸ ಕುಡಿದು ಮೆತ್ತಗಾದವು. ನನಗೆ ತಕ್ಷಣ ನೆನಪಾಗಿದ್ದು ನಮ್ಮಮ್ಮ ಉಳಿದ ಚಪಾತಿ ಹರಿದು ಮಾಡುತ್ತಿದ್ದ ಒಗ್ಗರಣೆ. ಅನ್ನ ಉಳಿದರೆ ಚಿತ್ರಾನ್ನ, ಇಡ್ಲಿ ಉಳಿದರೆ ಇಡ್ಲಿ ಉಪ್ಪಿಟ್ಟು, ಇಂಜೆರಾ ಉಳಿದರೆ ಫಿರ್‌ಫಿರ್. ಇಷ್ಟು ದೂರ ಬಂದರೂ ಅಡುಗೆಮನೆ ಲೆಕ್ಕ ಒಂದೇ ಅನ್ನಿಸಿ ಬಹಳ ಸಮಾಧಾನ ಆಯಿತು.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವ ತಿಂಡಿ ಅದಲ್ಲ, ಗೆನ್ಫೊ.

ನಮ್ಮೂರು ತುಮಕೂರು ಕಡೆ. ಮುದ್ದೆ ತಿಂದು ಬೆಳೆದವನು ನಾನು. ಗೆನ್ಫೊ ಮಾಡುವುದನ್ನು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಕುದಿಯುವ ನೀರಿಗೆ ಬಾರ್ಲಿ ಹಿಟ್ಟು ಹಾಕಿ, ಮರದ ಕೋಲಿನಿಂದ ಗಂಟಾಗದ ಹಾಗೆ ತಿರುವುತ್ತಾರೆ. ಗಟ್ಟಿಯಾದ ಮೇಲೆ ತಟ್ಟೆಗೆ ಗುಡ್ಡೆ ಹಾಕಿ, ನಡುವೆ ಗುಂಡಿ ಮಾಡಿ, ಅದರ ತುಂಬ ಬಿಸಿ ತುಪ್ಪ ಮತ್ತು ಬೆರ್ಬೆರೆ. ಎಲ್ಲರೂ ಸುತ್ತ ಕೂತು ಅಂಚಿನಿಂದ ಮುರಿದು ಗುಂಡಿಗೆ ಅದ್ದಿ ತಿನ್ನುವುದು. ಬಾಣಂತಿಯರಿಗೆ ಇದನ್ನು ತಪ್ಪದೆ ಮಾಡಿಕೊಡುತ್ತಾರೆ, ನೋಡಲು ಬಂದವರಿಗೂ ಕೊಡುತ್ತಾರೆ. ನಾನು ಮೊದಲು ತಿಂದಿದ್ದು ಎಮಾಮಾಗೆ ಮೊಮ್ಮಗಳು ಹುಟ್ಟಿದಾಗಲೇ.

ಇನ್ನೊಂದು ವಿಷಯ ಹೇಳಲೇಬೇಕು. ಅದೇ ವಾರ ಸಂತೆಯಲ್ಲಿ ಒಂದು ಮೂಟೆಗೆ ಕೈ ಹಾಕಿದೆ. ಕೆಂಪಗೆ, ದುಂಡಗೆ, ಬೆರಳ ಸಂದಿಯಲ್ಲಿ ಜಾರುವ ಕಾಳು. ರಾಗಿ! ಅಲ್ಲಿ ಅದನ್ನು ದಾಗುಸಾ ಅನ್ನುತ್ತಾರೆ, ಇಂಜೆರಾ ಹಿಟ್ಟಿಗೂ ಬೆರೆಸುತ್ತಾರೆ. ರಾಗಿಯ ತವರು ಪೂರ್ವ ಆಫ್ರಿಕಾದ ಈ ಎತ್ತರದ ನಾಡುಗಳೇ, ಅಲ್ಲಿಂದಲೇ ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂದಿದ್ದು. ಇದನ್ನು ಓದಿ ಗೊತ್ತಿತ್ತು. ಆದರೂ ಮುಷ್ಟಿಯಲ್ಲಿ ಹಿಡಿದು ನಿಂತಾಗ ಕಣ್ಣು ತುಂಬಿ ಬಂತು.

ಇನ್ನು ಸುಮ್ನೆ ಹೆಸರು ಹೇಳುವುದಾದರೆ, ಕಿಂಚೆ ಅಂತ ಗೋಧಿ ನುಚ್ಚಿನ ತಿಂಡಿ ಇದೆ. ಬೇಯಿಸಿ ಮಸೆದ ಕಾಳಿನ ‘ಫುಲ್’ ಹೋಟೆಲುಗಳಲ್ಲಿ ಸಿಗುತ್ತದೆ, ಬನ್ನಿನ ಜೊತೆ ತಿನ್ನುತ್ತಾರೆ. ನೀವು ಸಸ್ಯಾಹಾರಿಯಾಗಿದ್ದರೆ ಬುಧವಾರ, ಶುಕ್ರವಾರ ಏನೂ ಯೋಚನೆ ಬೇಡ. ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಅವು ಉಪವಾಸದ ದಿನ. ಮಾಂಸ, ಮೊಟ್ಟೆ, ಹಾಲು, ತುಪ್ಪ ಯಾವುದೂ ಮುಟ್ಟುವುದಿಲ್ಲ, ಫಿರ್‌ಫಿರ್ ಕೂಡ ಎಣ್ಣೆಯಲ್ಲೇ. ಆದರೆ ನಿಷ್ಠೆಯಿಂದ ಮಾಡುವವರು ಮಧ್ಯಾಹ್ನದವರೆಗೆ ಬಾಯಿಗೆ ಏನೂ ಹಾಕುವುದಿಲ್ಲ. ಎಮಾಮಾ ಅಂಥವರು. ತಾವು ತಿನ್ನದೆ ನನಗೆ ಬಡಿಸುತ್ತಿದ್ದರು.

ತಿಂಡಿ ಆದ ಮೇಲೆ ಬುನ್ನಾ, ಅಂದರೆ ಕಾಫಿ. ಬಿಡುವಿದ್ದ ದಿನ ಹಸಿ ಬೀಜವನ್ನು ಎದುರಲ್ಲೇ ಹುರಿದು, ಹೊಗೆಯನ್ನು ಬಂದವರ ಮೂಗಿನ ಹತ್ತಿರ ತಂದು, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಡುತ್ತಾರೆ. ಕಾಫಿ ಗಿಡದ ತವರೂ ಅದೇ ದೇಶ. ಅಲ್ಲಿಂದ ಯೆಮೆನ್‌ಗೆ, ಯೆಮೆನ್‌ನಿಂದ ಬಾಬಾ ಬುಡನ್ ತಂದ ಏಳು ಬೀಜದ ಮೂಲಕ ನಮ್ಮ ಚಿಕ್ಕಮಗಳೂರಿಗೆ ಅಂತ ಪ್ರತೀತಿ ಇದೆಯಲ್ಲ, ಅದನ್ನು ಹೇಳಿದಾಗ ಎಮಾಮಾ ಮುಖ ಅರಳಿತು.

ನೀವು ಯಾವತ್ತಾದರೂ ಹೋದರೆ ಒಂದು ಮಾತು ನೆನಪಿಡಿ. ಮನೆಯವರು ಇಂಜೆರಾ ಮುರಿದು, ಉಂಡೆ ಮಾಡಿ, ತಮ್ಮ ಕೈಯಿಂದ ನಿಮ್ಮ ಬಾಯಿಗೆ ಇಡಲು ಬರುತ್ತಾರೆ. ಅದಕ್ಕೆ ಗುರ್ಷಾ ಅನ್ನುತ್ತಾರೆ. ಬೇಡ ಅನ್ನಬೇಡಿ, ಬಾಯಿ ತೆರೆಯಿರಿ. ನಾನು ಊರು ಬಿಡುವ ದಿನ ಬೆಳಿಗ್ಗೆ ಎಮಾಮಾ ಮೂರು ಗುರ್ಷಾ ಕೊಟ್ಟರು. ನಾನೂ ಒಂದು ತುತ್ತು ಮಾಡಿ ಅವರ ಬಾಯಿಗಿಟ್ಟೆ.