ಕಾನೂನು ಸಲಹೆ: ಮಾಲೀಕರ ಸಂಘದಲ್ಲಿ ಬಿಲ್ಡರ್ ಮಾತಿಗೆ ಮಿತಿ ಎಲ್ಲಿ?

ಪ್ರಶ್ನೆ: ನಮ್ಮದು ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ) ನೋಂದಣಿಯಾದ, 140 ಫ್ಲ್ಯಾಟುಗಳ ವಸತಿ ಸಮುಚ್ಚಯ. ಓಸಿ (ವಾಸಯೋಗ್ಯ ಪ್ರಮಾಣಪತ್ರ) ಬಂದು ವರ್ಷ ಕಳೆದರೂ 30 ಫ್ಲ್ಯಾಟುಗಳು ಬಿಲ್ಡರ್ ಬಳಿಯೇ ಉಳಿದಿವೆ. ಕೊನೆಯ ಫ್ಲ್ಯಾಟ್ ಮಾರಾಟವಾಗುವವರೆಗೆ ಸಂಘದ ಸಮಿತಿಯನ್ನು ತಾವೇ ನೇಮಿಸುವುದಾಗಿಯೂ, ನಕ್ಷೆ ಬದಲಾವಣೆಗೆ ನಾವೆಲ್ಲರೂ ಮೊದಲೇ ಒಪ್ಪಿರುವುದಾಗಿಯೂ ಸಮುಚ್ಚಯದ ಒಡೆತನದ ವಿವರಗಳಿರುವ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಷನ್) ಬರೆಸಿದ್ದಾರೆ. ಈಗ ಉದ್ಯಾನದ ಜಾಗದಲ್ಲಿ ಇನ್ನೊಂದು ಬ್ಲಾಕ್ ಕಟ್ಟುವುದಾಗಿ ಹೇಳುತ್ತಿದ್ದಾರೆ. ನಮಗೆ ದಾರಿಯಿದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ. ಮೊದಲು ಉದ್ಯಾನದ ವಿಷಯ, ಏಕೆಂದರೆ ತುರ್ತಿರುವುದು ಅಲ್ಲಿಯೇ. 2016ರ ರೇರಾ ಕಾಯ್ದೆಯ 14ನೆಯ ಕಲಮಿನಂತೆ, ಮಂಜೂರಾದ ನಕ್ಷೆಯಲ್ಲಾಗಲಿ ಸಾಮಾನ್ಯ ಪ್ರದೇಶಗಳಲ್ಲಾಗಲಿ ಬದಲಾವಣೆ ಮಾಡಬೇಕಾದರೆ ಖರೀದಿದಾರರಲ್ಲಿ ಕನಿಷ್ಠ ಮೂರನೇ ಎರಡು ಭಾಗದವರು ಮುಂಚಿತವಾಗಿ ಲಿಖಿತ ಒಪ್ಪಿಗೆ ಕೊಡಬೇಕು. ಈ ಲೆಕ್ಕದಲ್ಲಿ ಬಿಲ್ಡರ್‌ಗೆ ಸ್ಥಾನವೇ ಇಲ್ಲ. ಒಬ್ಬರೇ ಹತ್ತು ಫ್ಲ್ಯಾಟ್ ಕೊಂಡಿದ್ದರೂ, ಅವು ಮನೆಯವರ ಹೆಸರಿನಲ್ಲಿದ್ದರೂ, ಎಲ್ಲ ಸೇರಿ ಒಬ್ಬ ಖರೀದಿದಾರನೆಂದೇ ಎಣಿಕೆ. ಆಪ್ತರ ಹೆಸರಿನಲ್ಲಿ ಬಹುಮತ ಕೂಡಿಸುವ ಹಳೆಯ ಉಪಾಯಕ್ಕೆ ಇದು ಸಾಕಷ್ಟು ಅಡ್ಡಿ. ಯಾವ ಬದಲಾವಣೆಯೆಂದು ತಿಳಿಸದೆ ಒಪ್ಪಂದದಲ್ಲಿ ಮೊದಲೇ ಬರೆಸಿಕೊಂಡ ಸಾರಾಸಗಟು ಒಪ್ಪಿಗೆ ಸಾಲದೆಂದು, ಮಹಾರಾಷ್ಟ್ರದ ಫ್ಲ್ಯಾಟ್ ಕಾಯ್ದೆಯ ಸಂದರ್ಭದಲ್ಲಿ, ಬಾಂಬೆ ಹೈಕೋರ್ಟ್ ಹೇಳಿದೆ. ಆ ತರ್ಕ ನಿಮಗೂ ನೆರವಾಗುತ್ತದೆ.

ಇನ್ನೂ ಬಲವಾದ ಆಧಾರವೊಂದಿದೆ. ಹೊಸ ಬ್ಲಾಕ್ ಬಂದರೆ ಭೂಮಿಯಲ್ಲಿ ನಿಮ್ಮ ಅವಿಭಜಿತ ಪಾಲು ಕುಗ್ಗುತ್ತದೆಯಲ್ಲವೇ? 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ 6ನೆಯ ಕಲಮಿನ ಪ್ರಕಾರ ಆ ಪಾಲು ಶಾಶ್ವತ ಸ್ವರೂಪದ್ದು. ಎಲ್ಲ ಮಾಲೀಕರೂ ಒಪ್ಪಿ, ತಿದ್ದುಪಡಿಯಾದ ಘೋಷಣಾ ಪತ್ರ ನೋಂದಣಿಯಾಗದ ಹೊರತು ಅದನ್ನು ಬದಲಿಸುವಂತಿಲ್ಲ.

ಸಮಿತಿಯ ವಿಷಯದಲ್ಲಿ ಉತ್ತರ ಅಷ್ಟು ನೇರವಲ್ಲ. ಮಾರಾಟವಾಗದ ಫ್ಲ್ಯಾಟುಗಳಿಗೆ ಬಿಲ್ಡರೇ ಮಾಲೀಕರಾದ್ದರಿಂದ, ಸಂಘದ ದಿನನಿತ್ಯದ ತೀರ್ಮಾನಗಳಲ್ಲಿ ಅವುಗಳ ಮತ ಅವರಿಗೆ ಸಲ್ಲುತ್ತದೆ. ಆದರೆ ಸಾಮಾನ್ಯ ವೆಚ್ಚವೂ ಪಾಲಿನ ಪ್ರಮಾಣದಲ್ಲೇ ಹಂಚಿಕೆಯಾಗುತ್ತದೆ; ಮೂವತ್ತು ಮತ ಎಣಿಸುವವರು ಮೂವತ್ತು ಫ್ಲ್ಯಾಟುಗಳ ನಿರ್ವಹಣಾ ಶುಲ್ಕ ಕಟ್ಟಿದ್ದಾರೆಯೇ ಎಂದು ಲೆಕ್ಕ ಕೇಳಿ. ಮತ ಇರುವುದು ಬೇರೆ, ಸಮಿತಿಯನ್ನೇ ನೇಮಿಸುವುದು ಬೇರೆ. ಸ್ಥಳೀಯ ಕಾನೂನು ಬೇರೆ ಅವಧಿ ಹೇಳದಿದ್ದಲ್ಲಿ, ಬಹುಪಾಲು ಬುಕಿಂಗ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಅನುವು ಮಾಡಿಕೊಡುವುದು ಬಿಲ್ಡರ್ ಹೊಣೆ. ಓಸಿ ಬಂದ ಮೇಲೆ ಸಾಮಾನ್ಯ ಪ್ರದೇಶಗಳನ್ನೂ ದಾಖಲೆಗಳನ್ನೂ ಸಂಘಕ್ಕೆ ಒಪ್ಪಿಸಬೇಕೆಂದು ರೇರಾ ಕಾಯ್ದೆಯ 17ನೆಯ ಕಲಮು ವಿಧಿಸುತ್ತದೆ. "ಕೊನೆಯ ಫ್ಲ್ಯಾಟ್ ಮಾರಾಟವಾಗುವವರೆಗೆ" ಎಂಬ ಗಡುವು ಕಾಯ್ದೆಯಲ್ಲಿಲ್ಲ. ಅಲ್ಲದೆ ಏಕಪಕ್ಷೀಯ ಷರತ್ತುಗಳಿಗೆ ಖರೀದಿದಾರರನ್ನು ಕಟ್ಟಿಹಾಕುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ನಿಮ್ಮ ಆಕ್ಷೇಪವನ್ನು ಬಿಲ್ಡರ್‌ಗೆ ಲಿಖಿತವಾಗಿ ಕಳುಹಿಸಿ, ಮಂಜೂರಾದ ನಕ್ಷೆಯ ಪ್ರತಿಯೊಂದಿಗೆ ಕರ್ನಾಟಕ ರೇರಾ ಪ್ರಾಧಿಕಾರಕ್ಕೆ ಅದೇ ಕಾಯ್ದೆಯ 31ನೆಯ ಕಲಮಿನಡಿ ದೂರು ಕೊಡಿ. ಉದ್ಯಾನದಲ್ಲಿ ಅಗೆತ ಆರಂಭವಾಗುವ ಮೊದಲೇ 36ನೆಯ ಕಲಮಿನಡಿ ಮಧ್ಯಂತರ ತಡೆಯನ್ನೂ ಕೋರಿ.