ಕಲಬುರಗಿಯ ಮನೆಯಲ್ಲಿ ಕೆಲಸಕ್ಕೆ ಎಲೆಕ್ಟ್ರಿಕ್ ಸ್ಟ್ಯಾಂಡಿಂಗ್ ಡೆಸ್ಕ್ ಆರಿಸುವುದು ಹೇಗೆ?

ನೀವು ಹೈದರಾಬಾದಿನ ಕಂಪನಿಯೊಂದಕ್ಕೆ ಕಲಬುರಗಿಯ ಮನೆಯಿಂದಲೇ ಕೆಲಸ ಮಾಡುತ್ತಿದ್ದೀರಿ. ದಿನವಿಡೀ ಕುಳಿತು ಸೊಂಟ ಹಿಡಿದುಕೊಳ್ಳುತ್ತಿರುವುದರಿಂದ ಗುಂಡಿ ಒತ್ತಿದರೆ ಏರಿಳಿಯುವ ಮೇಜನ್ನು ಕೊಳ್ಳಬೇಕೆಂದಿದ್ದೀರಿ. ನಿಮ್ಮ ಎತ್ತರ 5 ಅಡಿ 9 ಇಂಚು; ಅದೇ ಮೇಜನ್ನು ಅರ್ಧ ದಿನ ಬಳಸಲಿರುವ ನಿಮ್ಮ ಮನೆಯವರ ಎತ್ತರ 5 ಅಡಿ 2 ಇಂಚು. ಒಂದು ಮೋಟಾರಿನದು ಸಾಕೇ, ಎರಡು ಮೋಟಾರಿನದೇ ಬೇಕೇ ಎಂದು ಕೇಳಿದ್ದೀರಿ; ಕರೆಂಟು ಹೋದರೆ ಏನಾಗುವುದೋ ಎಂಬ ಆತಂಕವನ್ನೂ ಹೇಳಿದ್ದೀರಿ. ನಾನೂ ಇದೇ ಊರಿನಲ್ಲಿ ಕೆಲವು ವರ್ಷಗಳಿಂದ ಇಂಥ ಮೇಜಿನ ಮೇಲೆ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ, ಪರಿಚಯದವರ ಮನೆಗಳಲ್ಲಿ ಮೇಜು ಆರಿಸುವಾಗ, ಜೋಡಿಸುವಾಗ ಜೊತೆಗೆ ನಿಂತಿದ್ದೇನೆ. ನನ್ನ ಮಟ್ಟಿಗೆ ಮೋಟಾರಿನ ಪ್ರಶ್ನೆ ಎರಡನೆಯದು. ನಿಮ್ಮ ಮನೆಯಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ಮೇಜು ಎಷ್ಟು ಕೆಳಗಿಳಿಯುತ್ತದೆ ಎಂಬುದು.

ಮಾರುವವರೆಲ್ಲ ಮೇಜು ಎಷ್ಟು ಮೇಲೇರುತ್ತದೆ ಎಂಬುದನ್ನೇ ದೊಡ್ಡದಾಗಿ ತೋರಿಸುತ್ತಾರೆ. ಆದರೆ ದಿನದ ಹೆಚ್ಚಿನ ಹೊತ್ತು ನೀವಿಬ್ಬರೂ ಕುಳಿತೇ ಇರುತ್ತೀರಿ. ನಿಮ್ಮ ಕುರ್ಚಿಯಲ್ಲಿ ಪಾದಗಳು ಪೂರ್ತಿ ನೆಲಕ್ಕೆ ತಾಗುವಂತೆ ಕುಳಿತು, ಭುಜಗಳನ್ನು ಸಡಿಲ ಬಿಟ್ಟು, ಮೊಣಕೈಯನ್ನು ಲಂಬಕೋನಕ್ಕೆ ಮಡಚಿ, ನೆಲದಿಂದ ಮೊಣಕೈಯ ಕೆಳಭಾಗದವರೆಗೆ ಟೇಪು ಹಿಡಿದು ಇನ್ನೊಬ್ಬರಿಂದ ಅಳತೆ ಮಾಡಿಸಿಕೊಳ್ಳಿ. ನಿಂತುಕೊಂಡೂ ಹಾಗೆಯೇ ಅಳೆಸಿಕೊಳ್ಳಿ. ಮನೆಯಲ್ಲಿ ಬರಿಗಾಲಿನಲ್ಲಿರುವ ಅಭ್ಯಾಸವಿದ್ದರೆ ಬರಿಗಾಲಿನಲ್ಲೇ ಅಳೆಯಬೇಕು. ನೀವು ಹೇಳಿದ ಎತ್ತರಕ್ಕೆ, ನಿಮಗೆ ಕುಳಿತಾಗ ಸುಮಾರು 69 ಸೆಂ.ಮೀ., ನಿಂತಾಗ ಸುಮಾರು 110 ಸೆಂ.ಮೀ. ಬರಬಹುದು. ನಿಮ್ಮ ಮನೆಯವರಿಗೆ ಕುಳಿತಾಗ 62 ಅಥವಾ 63, ನಿಂತಾಗ 99ರ ಆಸುಪಾಸು ಬರಬಹುದು. ನಮ್ಮ ಕಡೆ ಬಡಿಗೇರರು ರೂಢಿಯಂತೆ ಮಾಡಿಕೊಡುವ ಎರಡೂವರೆ ಅಡಿ ಮೇಜು 76 ಸೆಂ.ಮೀ. ಇರುತ್ತದೆ. ಅಷ್ಟೆತ್ತರದ ಮೇಜಿನ ಮೇಲೆ ಅವರು ಟೈಪ್ ಮಾಡಬೇಕಾದರೆ ಭುಜಗಳನ್ನು ಕಿವಿಯತ್ತ ಎತ್ತಿಕೊಂಡೇ ಕೂರಬೇಕು, ಇಲ್ಲವೇ ಕುರ್ಚಿಯನ್ನು ಏರಿಸಿ ಕಾಲು ಇಳಿಬಿಡಬೇಕು. ಬಹಳ ಮನೆಗಳಲ್ಲಿ ಕತ್ತುನೋವು ಶುರುವಾಗುವುದು ಇಲ್ಲಿಂದಲೇ.

ಮೇಜಿನ ಕಾಲುಗಳು ಒಂದರೊಳಗೊಂದು ಸರಿಯುವ ಕೊಳವೆಗಳು. ಎರಡು ಕೊಳವೆಗಳಿರುವ, ಅಂದರೆ ಎರಡು ಹಂತದ ಕಾಲು ಸಾಮಾನ್ಯವಾಗಿ 70ರಿಂದ 73 ಸೆಂ.ಮೀ.ವರೆಗೆ ಮಾತ್ರ ಇಳಿಯುತ್ತದೆ. ಮೂರು ಹಂತದ ಕಾಲು 60ರಿಂದ 63ರವರೆಗೂ ಇಳಿಯುತ್ತದೆ. ನಿಮ್ಮ ಮನೆಯವರ ಅಳತೆಗೆ ಮೂರು ಹಂತದ ಕಾಲೇ ಬೇಕು. ಎರಡು ಹಂತದ್ದನ್ನು ಕೊಂಡು ಕಾಲ ಕೆಳಗೆ ಮಣೆ ಇಟ್ಟುಕೊಳ್ಳಬಹುದು ಎನ್ನುವವರಿದ್ದಾರೆ. ಮಣೆ ಇಟ್ಟರೂ ಏರಿಸಿದ ಕುರ್ಚಿಯ ತೊಂದರೆ ತಪ್ಪುವುದಿಲ್ಲ, ನಿಲ್ಲುವಾಗ ಅದನ್ನು ಸರಿಸಬೇಕು, ಕೂರುವಾಗ ಮತ್ತೆ ಎಳೆದುಕೊಳ್ಳಬೇಕು. ಹಾಗಾಗಿ ನಾನು ಅದನ್ನು ಒಪ್ಪುವುದಿಲ್ಲ. ಇನ್ನೊಂದು ವಿಷಯವನ್ನು ಮಾರುವವರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ: ಅವರು ಹೇಳುವ ಎತ್ತರ ಬರೀ ಫ್ರೇಮಿನದೋ, ಹಲಗೆ ಸೇರಿಸಿದ್ದೋ? ಬರೀ ಫ್ರೇಮಿನದಾದರೆ ಹಲಗೆಯ ಎರಡೂವರೆ ಸೆಂಟಿಮೀಟರು ಅದರ ಮೇಲೆ ಕೂಡುತ್ತದೆ, ಕೀಬೋರ್ಡಿನ ದಪ್ಪ ಮತ್ತೆ ಬೇರೆ.

ಈಗ ಮೋಟಾರಿಗೆ ಬರೋಣ. ಒಂದು ಮೋಟಾರಿನ ಮೇಜಿನಲ್ಲಿ ಮೋಟಾರು ಒಂದು ಕಾಲಿನ ತಲೆಯ ಬಳಿ ಇದ್ದು, ಆರು ಮೂಲೆಯ ಉಕ್ಕಿನ ಸರಳೊಂದು ಅಡ್ಡಲಾಗಿ ಹಾದು ಇನ್ನೊಂದು ಕಾಲನ್ನೂ ತಿರುಗಿಸುತ್ತದೆ. ಎರಡು ಮೋಟಾರಿನದರಲ್ಲಿ ಕಾಲಿಗೊಂದು ಮೋಟಾರು. ಜೋಡೆತ್ತುಗಳು ನೊಗದಲ್ಲಿ ಹೆಜ್ಜೆ ತಪ್ಪದಂತೆ ರೈತ ನೋಡಿಕೊಳ್ಳುವ ಹಾಗೆ ಕಂಟ್ರೋಲ್ ಬಾಕ್ಸು ಎರಡನ್ನೂ ಸಮನಾಗಿ ನಡೆಸುತ್ತದೆ. ಒಂದು ಮೋಟಾರಿನವು ಸಾಮಾನ್ಯವಾಗಿ 70ರಿಂದ 80 ಕೆ.ಜಿ., ಎರಡರವು 100ರಿಂದ 125 ಕೆ.ಜಿ. ಎತ್ತುತ್ತವೆ. ಹಲಗೆ, ಎರಡು ಮಾನಿಟರು, ಲ್ಯಾಪ್‌ಟಾಪು, ನಾಲ್ಕು ಕಡತ ಎಲ್ಲ ಸೇರಿದರೂ ನಿಮ್ಮ ಭಾರ 40 ಕೆ.ಜಿ. ದಾಟುವುದು ಕಷ್ಟ. ವೇಗದಲ್ಲಿ ಒಂದರದು ಸೆಕೆಂಡಿಗೆ 25 ಮಿ.ಮೀ., ಎರಡರದು 35ರಿಂದ 40 ಮಿ.ಮೀ. ಎಂದುಕೊಂಡರೆ, ನಿಮ್ಮ ಕೂರುವ ಎತ್ತರದಿಂದ ನಿಲ್ಲುವ ಎತ್ತರಕ್ಕೆ ಒಂದು ಸುಮಾರು 16 ಸೆಕೆಂಡು, ಇನ್ನೊಂದು 11 ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಐದಾರು ಸೆಕೆಂಡಿಗಾಗಿ ಹೆಚ್ಚು ಹಣ ಕೊಡಿ ಎಂದು ನಾನು ಹೇಳಲಾರೆ. ಆದರೆ ಮೂರು ಹಂತದ ಕಾಲು ಹೆಚ್ಚಾಗಿ ಎರಡು ಮೋಟಾರಿನ ಮೇಜುಗಳಲ್ಲೇ ದೊರೆಯುವುದರಿಂದ, ನಿಮ್ಮ ವಿಷಯದಲ್ಲಿ ಉತ್ತರ ತಾನಾಗಿ ಎರಡು ಮೋಟಾರಿನ ಕಡೆಗೇ ಹೋಗುತ್ತದೆ. ಒಬ್ಬರೇ ಬಳಸುವವರಾಗಿ, ನಿಮ್ಮಷ್ಟು ಎತ್ತರದವರಾಗಿದ್ದರೆ ಒಂದು ಮೋಟಾರು ಧಾರಾಳವಾಗಿ ಸಾಕಾಗುತ್ತಿತ್ತು.

ಮೇಜು ಏರಿದಂತೆ ಅಲುಗಾಟ ಹೆಚ್ಚುತ್ತದೆ. ಅಂಗಡಿಯಲ್ಲಿ ನೋಡುವಾಗ ನಿಮ್ಮ ನಿಲ್ಲುವ ಎತ್ತರಕ್ಕೇ ಏರಿಸಿ, ಮುಂದಿನ ಅಂಚನ್ನು ಅಂಗೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ದೂಡಿ ನೋಡಿ. ಟೈಪ್ ಮಾಡುವಾಗ ಮಾನಿಟರನ್ನು ನಡುಗಿಸುವುದು ಆ ದಿಕ್ಕಿನ ಅಲುಗಾಟವೇ. ನಮ್ಮ ಊರಿನಲ್ಲಿ ಇದಕ್ಕೆ ನೆಲವೂ ಕಾರಣವಾಗುತ್ತದೆ. ಕರಿಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಹಳೆಯ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಫರ್ಸಿ ಕಲ್ಲು ಅಲ್ಲಲ್ಲಿ ಎದ್ದೂ ಕುಸಿದೂ ಇರುತ್ತದೆ. ಆದ್ದರಿಂದ ಪಾದದ ಕೆಳಗೆ ತಿರುಗಿಸಿ ಸಮ ಮಾಡುವ ತಿರುಪು ಇರುವ ಫ್ರೇಮನ್ನೇ ಆರಿಸಿ, ಒಂದೇ ಕಾಲು ಎರಡು ಫರ್ಸಿಗಳ ಸಂದಿಯ ಮೇಲೆ ಬಾರದಂತೆ ಮೇಜನ್ನು ಇಡಿ. ಗಾಲಿಗಳನ್ನು ಹಾಕಿಸಬೇಡಿ.

ಹಲಗೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಊರಿನಲ್ಲೇ ಒಳ್ಳೆಯ ಕೆಲಸ ಮಾಡಿಸಿಕೊಂಡು ಹಣ ಉಳಿಸಬಹುದಾದ ಭಾಗ ಇದೊಂದೇ. ಕಂಪನಿಗಳು ಬಹಳಷ್ಟು ಸಲ ಮರದ ಪುಡಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡನ್ನು ಕಳಿಸುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಮನೆಮನೆಯಲ್ಲೂ ನೀರಿನ ಕೂಲರ್ ಓಡುತ್ತದೆ; ಅದರ ತೇವದ ಗಾಳಿ ನೇರವಾಗಿ ಹೊಡೆಯುವ ಕಡೆ ಪಾರ್ಟಿಕಲ್ ಬೋರ್ಡಿನ ಅಂಚು ಉಬ್ಬಿ ಪಟ್ಟಿ ಬಿಟ್ಟುಕೊಳ್ಳುತ್ತದೆ. ಬರೀ ಫ್ರೇಮನ್ನು ತರಿಸಿ, ಹಲಗೆಯನ್ನು ಇಲ್ಲಿ ಪ್ಲೈವುಡ್ಡಿನಲ್ಲಿ ಮಾಡಿಸುವುದು ಹೆಚ್ಚು ಬಾಳಿಕೆಯ ದಾರಿ. ನಾನು ನನ್ನ ಮೇಜಿಗೆ 19 ಮಿ.ಮೀ. ಪ್ಲೈವುಡ್ಡಿನ ಕೆಳಗೆ 6 ಮಿ.ಮೀ.ನದನ್ನು ಅಂಟಿಸಿ 25 ಮಿ.ಮೀ. ಮಾಡಿಸಿದೆ. ಬಡಿಗೇರ ಕಾಕಾ ಮೇಲ್ಮೈಗೆ ಮಾತ್ರ ಸನ್‌ಮೈಕಾ ಹಾಕುವವರಿದ್ದರು. ಕೆಳಮೈಗೂ ತೆಳ್ಳನೆಯದೊಂದನ್ನು ಹಾಕಿರೆಂದು ಕೇಳಿಕೊಂಡೆ. ಒಂದೇ ಮೈ ಮುಚ್ಚಿದ ಹಲಗೆಯಲ್ಲಿ ಎರಡೂ ಮೈ ತೇವವನ್ನು ಸಮನಾಗಿ ಹೀರುವುದಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ಹಲಗೆ ಬಾಗುತ್ತದೆ. ಅವರು ಫ್ರೇಮನ್ನು ಹಲಗೆಯ ಮೇಲೆ ಬೋರಲಾಗಿಟ್ಟು, ತೂತುಗಳ ಗುರುತನ್ನು ಪೆನ್ಸಿಲಿನಿಂದ ಹಾಕಿ, ಡ್ರಿಲ್ಲಿನ ಮೊನೆಗೆ ಸ್ಕ್ರೂ ಉದ್ದಕ್ಕಿಂತ ಒಂದಿಷ್ಟು ಕಡಿಮೆ ಅಳತೆಯಲ್ಲಿ ಟೇಪು ಸುತ್ತಿಕೊಂಡು ಕೊರೆದರು. ಟೇಪು ಹಲಗೆಗೆ ತಾಗಿದರೆ ಅಲ್ಲಿಗೆ ನಿಲ್ಲಿಸಬೇಕು. 18 ಮಿ.ಮೀ. ಹಲಗೆಯನ್ನೇ ಬಳಸುವುದಾದರೆ ಕಂಪನಿಯ ಸ್ಕ್ರೂಗಳ ಉದ್ದವನ್ನು ಮೊದಲೇ ಅಳೆದು ನೋಡಿ, ಅವು ಮೇಲ್ಮೈಯನ್ನು ತೂರಿ ಬರಬಹುದು. ಸಾಗುವಾನಿಯ ಇಡೀ ಹಲಗೆ ಇದ್ದರೆ ಅದನ್ನೂ ಹಾಕಬಹುದು. ನಮ್ಮ ಒಣಬೇಸಿಗೆಗೂ ಮಳೆಗಾಲಕ್ಕೂ ಅದು ಕುಗ್ಗಿ ಹಿಗ್ಗುವುದರಿಂದ ಸ್ಕ್ರೂ ತೂತುಗಳು ಉದ್ದುದ್ದವಾಗಿರಬೇಕು. ಅಡುಗೆಕಟ್ಟೆಯಲ್ಲಿ ಉಳಿದ ಗ್ರಾನೈಟ್ ತುಂಡನ್ನು ಹಾಕೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಲ್ಕಡಿ ಎರಡಡಿಯ, 2 ಸೆಂ.ಮೀ. ದಪ್ಪದ ಗ್ರಾನೈಟು ಒಂದೇ 40 ಕೆ.ಜಿ. ತೂಗುತ್ತದೆ, ಅದನ್ನು ಫ್ರೇಮಿಗೆ ಬಿಗಿಯುವುದೂ ಸುಲಭವಲ್ಲ.

ವಿದ್ಯುತ್ತಿನ ವಿಚಾರದಲ್ಲಿ ನಿಮಗಿರುವ ಆತಂಕ ಸಹಜ. ಮೇಜು ಏರುತ್ತಿರುವಾಗಲೇ ಕರೆಂಟು ಹೋದರೆ ಅದು ಕೆಳಗೆ ಬೀಳುವುದಿಲ್ಲ. ಕಾಲಿನೊಳಗಿನ ತಿರುಪು ಭಾರಕ್ಕೆ ತಾನಾಗಿ ಹಿಂದಕ್ಕೆ ತಿರುಗದಂತಿರುವುದರಿಂದ ಇದ್ದಲ್ಲೇ ನಿಲ್ಲುತ್ತದೆ. ಕರೆಂಟು ಬಂದ ಮೇಲೆ ಕೆಲವೊಮ್ಮೆ ಫಲಕದಲ್ಲಿ ಎತ್ತರದ ಬದಲು ಏನೋ ಅಕ್ಷರ ಮಿನುಗುತ್ತಿರುತ್ತದೆ, ಗುಂಡಿ ಒತ್ತಿದರೆ ಮೇಲೇರುವುದಿಲ್ಲ. ಆಗ ಕೆಟ್ಟುಹೋಯಿತೆಂದು ಗಾಬರಿಯಾಗುವ ಕಾರಣವಿಲ್ಲ. ಕೆಳಗಿಳಿಸುವ ಗುಂಡಿಯನ್ನು ಒತ್ತಿ ಹಿಡಿದಿದ್ದರೆ ಮೇಜು ನಿಧಾನವಾಗಿ ತೀರ ಕೆಳಗಿಳಿದು, ಇನ್ನಷ್ಟು ಹೊತ್ತು ಬಿಡದೆ ಹಿಡಿದಾಗ ಒಂದು ಸಣ್ಣ ಕುಸಿತ ಕುಸಿದು, ಕೂದಲೆಳೆಯಷ್ಟು ಮೇಲೆದ್ದು ನಿಲ್ಲುತ್ತದೆ. ಅಲ್ಲಿಗೆ ಎರಡೂ ಕಾಲುಗಳ ಲೆಕ್ಕ ಮತ್ತೆ ಸರಿಹೋಗುತ್ತದೆ. ಬಹುತೇಕ ಎಲ್ಲ ಕಂಪನಿಗಳ ಮೇಜಿನಲ್ಲೂ ಕ್ರಮ ಹೆಚ್ಚುಕಡಿಮೆ ಇದೇ. ಮೇಜನ್ನು ಕಂಪ್ಯೂಟರಿನ ಪುಟ್ಟ ಯುಪಿಎಸ್‌ಗೆ ಸಿಕ್ಕಿಸಬೇಡಿ, ಮೋಟಾರು ಎಳೆಯುವ ಹೊತ್ತಿಗೆ ಅದು ಕಂಪ್ಯೂಟರನ್ನೂ ಕೂಡಿಕೊಂಡು ಆರಿಹೋಗಬಹುದು. ನೇರವಾಗಿ ಗೋಡೆಯ ಪ್ಲಗ್ಗಿಗೆ ಕೊಡಿ. ಬೇಸಿಗೆಯಲ್ಲಿ ಜೆಸ್ಕಾಂನ ಕರೆಂಟು ಹೋದಾಗಲೂ ಏರಿಳಿಸಬೇಕೆಂದಿದ್ದರೆ ಸೈನ್ ವೇವ್ ಇನ್ವರ್ಟರಿನ ಲೈನಿಗೆ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಅರ್ಥಿಂಗ್. ಮೇಜಿನ ಮೈಯೆಲ್ಲ ಉಕ್ಕು, ನೀವು ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಿಂತಿರುತ್ತೀರಿ. ನೆಲ ಬಿರುಕು ಬಿಡುವ ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯೂ ಒಣಗುತ್ತದೆ. ಅದಕ್ಕೆ ಆಗಾಗ ನೀರು ಹಾಕಿಸಿ, ಮೇಜು ಬರುವ ಮೊದಲೇ ಎಲೆಕ್ಟ್ರಿಶಿಯನ್ನರಿಂದ ಪ್ಲಗ್ಗನ್ನು ಪರೀಕ್ಷೆ ಮಾಡಿಸಿ.

ಮೇಜು ಇಡುವ ಜಾಗದಲ್ಲಿ ಕಿಟಕಿಯ ಬಾಗಿಲು ಒಳಗೆ ತೆರೆಯುತ್ತದೆಯೇ, ಗೋಡೆಯಲ್ಲಿ ಶೆಲ್ಫ್ ಇದೆಯೇ ಎಂದು ನೋಡಿ. ಏರುವ ಹಲಗೆಗೂ ಗೋಡೆಗೂ ನಡುವೆ ಮೂರು ಬೆರಳಿನಷ್ಟು ಜಾಗ ಬಿಡಿ. ಎಲ್ಲ ವಯರುಗಳೂ ಅತಿ ಎತ್ತರದಲ್ಲಿಯೂ ಸಡಿಲವಾಗಿರಬೇಕು; ಎಕ್ಸ್‌ಟೆನ್ಶನ್ ಬೋರ್ಡನ್ನು ಹಲಗೆಯ ಕೆಳಗೇ ಬಿಗಿದುಬಿಟ್ಟರೆ ಮೇಲಿನಿಂದ ನೆಲಕ್ಕೆ ಬರುವುದು ಒಂದೇ ವಯರು. ಮನೆಯಲ್ಲಿ ಮಕ್ಕಳಿದ್ದರೆ ಗುಂಡಿಗೆ ಲಾಕ್ ಇರುವುದನ್ನೂ, ಅಡ್ಡ ಬಂದದ್ದಕ್ಕೆ ತಾಗಿದೊಡನೆ ಹಿಂದೆ ಸರಿಯುವ ವ್ಯವಸ್ಥೆ ಇರುವುದನ್ನೂ ಬಿಡಲೇಬೇಡಿ. ಈ ಮೋಟಾರುಗಳು ಸಾಮಾನ್ಯವಾಗಿ ಎರಡು ನಿಮಿಷ ಓಡಿದರೆ 18 ನಿಮಿಷ ವಿಶ್ರಾಂತಿ ಬೇಡುವಂಥವು, ಆಟದ ಸಾಮಾನಲ್ಲ.

ಇನ್ನು ಸೊಂಟದ ವಿಚಾರ. ನಿಂತೇ ಕೆಲಸ ಮಾಡಬೇಕೆಂಬ ಹುಮ್ಮಸ್ಸಿನಲ್ಲಿ ಮೊದಲ ವಾರವೇ ಕಾಲು ನೋಯಿಸಿಕೊಂಡು ಮೇಜನ್ನು ಮತ್ತೆ ಏರಿಸದವರಿದ್ದಾರೆ. 2015ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ತಜ್ಞರು ಕೊಟ್ಟ ಸಲಹೆಯಂತೆ, ಕೆಲಸದ ಹೊತ್ತಿನಲ್ಲಿ ನಿಲ್ಲುವುದೂ ಹಗುರವಾಗಿ ನಡೆದಾಡುವುದೂ ಸೇರಿ ಮೊದಲು ದಿನಕ್ಕೆ ಎರಡು ಗಂಟೆಯಾಗಬೇಕು, ಕ್ರಮೇಣ ಅದು ನಾಲ್ಕು ಗಂಟೆಗೆ ಏರಬೇಕು. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ನೌಕರರ ಮೇಲೆ ನಡೆದು 2022ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಿಳಿವಳಿಕೆ ಮತ್ತು ಪ್ರೋತ್ಸಾಹ ಮಾತ್ರ ಪಡೆದವರು ವರ್ಷದ ಕೊನೆಗೆ ದಿನಕ್ಕೆ ಸುಮಾರು 22 ನಿಮಿಷ ಕಡಿಮೆ ಕುಳಿತರೆ, ಅದರ ಜೊತೆಗೆ ಏರಿಳಿಯುವ ಮೇಜನ್ನೂ ಪಡೆದವರು ಸುಮಾರು 64 ನಿಮಿಷ ಕಡಿಮೆ ಕುಳಿತರು. ಹಾಗಾಗಿ ಮೇಜು ಉಪಯೋಗಕ್ಕೆ ಬರುತ್ತದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ತೂಕ ಇಳಿಯುತ್ತದೆಂಬ ಜಾಹೀರಾತನ್ನು ನಂಬಬೇಡಿ. ಕುಳಿತಿರುವುದಕ್ಕಿಂತ ನಿಂತಿರುವುದರಿಂದ ಹೆಚ್ಚು ಖರ್ಚಾಗುವುದು ಗಂಟೆಗೆ ಸುಮಾರು 9 ಕಿಲೋ ಕ್ಯಾಲೊರಿ ಮಾತ್ರ. ನೋವು ಸೊಂಟದಿಂದ ಕಾಲಿಗಿಳಿಯುತ್ತಿದ್ದರೆ, ಕಾಲು ಜುಮ್ಮೆನ್ನುತ್ತಿದ್ದರೆ, ಮೇಜಿಗಿಂತ ಮೊದಲು ವೈದ್ಯರನ್ನು ಕಾಣಿ. ಫರ್ಸಿಯ ಮೇಲೆ ಬರಿಗಾಲಿನಲ್ಲಿ ನಿಂತರೆ ಹಿಮ್ಮಡಿ ಬೇಗ ನೋಯುತ್ತದೆ. ಎರಡು ಸೆಂಟಿಮೀಟರಿನಷ್ಟು ದಪ್ಪದ ಮೆತ್ತನೆಯ ರಬ್ಬರ್ ಮ್ಯಾಟೊಂದನ್ನು ಮೇಜಿನ ಜೊತೆಗೇ ತರಿಸಿ, ನಿಲ್ಲುವ ಎತ್ತರಕ್ಕೆ ಅದರ ದಪ್ಪವನ್ನೂ ಕೂಡಿಸಿಕೊಳ್ಳಿ. ಲ್ಯಾಪ್‌ಟಾಪನ್ನು ಹಾಗೇ ಇಟ್ಟುಕೊಂಡು ನಿಂತರೆ ಕತ್ತು ಬಗ್ಗಿಸಿಯೇ ನೋಡಬೇಕಾಗುವುದರಿಂದ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವಂತೆ ಸ್ಟ್ಯಾಂಡಿನ ಮೇಲಿಟ್ಟು, ಕೀಬೋರ್ಡನ್ನು ಬೇರೆ ಜೋಡಿಸಿ.

ಕೊಳ್ಳುವ ಮೊದಲು ಒಮ್ಮೆ ಮುಟ್ಟಿ ನೋಡಬೇಕೆಂದರೆ, ನೀವು ಕಂಪನಿಯ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ದೊಡ್ಡ ಪೀಠೋಪಕರಣ ಮಳಿಗೆಗಳಲ್ಲಿ ನೋಡಬಹುದು; ಐಕಿಯಾ ಭಾರತದಲ್ಲಿ ತನ್ನ ಮೊದಲ ಮಳಿಗೆಯನ್ನು 2018ರಲ್ಲಿ ತೆರೆದದ್ದು ಅಲ್ಲಿಯೇ. ಎಲ್ಲಿ ಕೊಂಡರೂ ದುರಸ್ತಿಯವರು ಕಲಬುರಗಿಗೆ ಬರುವರೆಂದು ಲೆಕ್ಕ ಹಾಕಬೇಡಿ. ಕಂಟ್ರೋಲ್ ಬಾಕ್ಸು, ಗುಂಡಿಗಳ ಫಲಕ, ಒಂಟಿ ಕಾಲು ಇವುಗಳನ್ನು ಬಿಡಿಬಿಡಿಯಾಗಿ ಕೊರಿಯರಿನಲ್ಲಿ ಕಳಿಸುತ್ತಾರೆಯೇ, ವಾರಂಟಿ ಮೋಟಾರಿಗೆ ಎಷ್ಟು ವರ್ಷ, ಕಂಟ್ರೋಲ್ ಬಾಕ್ಸಿಗೆ ಎಷ್ಟು ವರ್ಷ ಎಂದು ಪ್ರತ್ಯೇಕವಾಗಿ ಕೇಳಿ. ಈ ಭಾಗಗಳೆಲ್ಲ ಪಿನ್ನು ಸಿಕ್ಕಿಸುವ, ತಿರುಪು ಬಿಚ್ಚುವ ಕೆಲಸದಲ್ಲೇ ಬದಲಾಗುವಂಥವು, ಮನೆಯಲ್ಲೇ ಮಾಡಿಕೊಳ್ಳಬಹುದು. ಫ್ರೇಮಿನ ಪೆಟ್ಟಿಗೆ ಮೂವತ್ತು ಕೆ.ಜಿ.ಗೂ ಹೆಚ್ಚು ತೂಗಬಹುದು. ಟ್ರಾನ್ಸ್‌ಪೋರ್ಟಿನವರು ಗೋದಾಮಿನಲ್ಲೇ ಇಳಿಸಿ ಬಂದು ಒಯ್ಯಿರಿ ಎನ್ನುವುದುಂಟು, ಆದ್ದರಿಂದ ಮನೆ ಬಾಗಿಲಿಗೆ ತಲುಪಿಸುವುದು ಬೆಲೆಯಲ್ಲಿ ಸೇರಿದೆಯೇ ಎಂಬುದನ್ನೂ ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಿ. ಅಳತೆ ತೆಗೆದ ಮೇಲೆ ನಿಮ್ಮಿಬ್ಬರ ನಾಲ್ಕು ಅಂಕಿಗಳನ್ನೂ, ನೋಡಿಟ್ಟ ಫ್ರೇಮಿನ ಅತಿ ಕಡಿಮೆ ಎತ್ತರವನ್ನೂ ಇಲ್ಲಿ ಬರೆದರೆ, ಹೊಂದುತ್ತದೆಯೋ ಇಲ್ಲವೋ ಎಂದು ನೋಡಿ ಹೇಳುತ್ತೇನೆ.