ಏಳು ತಿಂಗಳಿಗೇ ಹೋತ ಕೂಡಿಸಬಹುದೇ?

ಏಳು ತಿಂಗಳ ಹೆಣ್ಣು ಮೇಕೆ ಬೆದೆಗೆ ಬಂದಿದೆ, ಹೋತ ಕೂಡಿಸಲೇ ಎಂದು ಕೇಳಿದ್ದೀರಿ. ತಿಂಗಳು ಎಣಿಸಬೇಡಿ, ತೂಕ ನೋಡಿ. ಆ ತಳಿಯ ಬೆಳೆದ ಹೆಣ್ಣಿನ ತೂಕದಲ್ಲಿ ಕನಿಷ್ಠ ಶೇ. 60-65 ಬಂದಿರಬೇಕು. ಅದಕ್ಕೂ ಮುಂಚೆ ಗಬ್ಬವಾದರೆ ಅದರ ಬೆಳವಣಿಗೆಯೇ ಕುಂಠಿತವಾಗುತ್ತೆ, ಈಯುವಾಗಲೂ ಕಷ್ಟ. ಈ ಸಲ ಬಿಟ್ಟರೆ ನಷ್ಟವಿಲ್ಲ, ಸುಮಾರು 21 ದಿನಕ್ಕೆ ಮತ್ತೆ ಬೆದೆ ಬರುತ್ತೆ (ವರ್ಷದ ಕೆಲವು ತಿಂಗಳು ಮಾತ್ರ ಬೆದೆಗೆ ಬರುವ ತಳಿಗಳಲ್ಲಿ ಆ ಕಾಲ ಮುಗಿದಿದ್ದರೆ ಮಾತ್ರ ಮುಂದಿನ ಕಾಲದವರೆಗೆ ಕಾಯಬೇಕು). ಕೂಡಿಸಿದ ದಿನ ಬರೆದಿಡಿ, ಹೆಚ್ಚುಕಡಿಮೆ 150 ದಿನಕ್ಕೆ ಈಯುತ್ತೆ.

ನನಗೆ ಚಿಂತೆ ಹುಟ್ಟಿಸಿದ್ದು ನೀವು ಕೊನೆಯಲ್ಲಿ ಹೇಳಿದ, ಜೊತೆಗೇ ಮೇಯುವ ನಾಲ್ಕು ತಿಂಗಳ ಗಂಡು ಮರಿ. ಚಿಕ್ಕದು ಅಂತ ನಂಬಬೇಡಿ, ಆ ವಯಸ್ಸಿಗೇ ಗಬ್ಬ ಕಟ್ಟಿಸಬಲ್ಲದು! ಇವತ್ತೇ ಬೇರೆ ಕಟ್ಟಿ. ಮುಂದೆ ಹಾಲು ಕರೆಯುವ ಕಾಲಕ್ಕೂ ಹೋತ ದೂರವಿದ್ದರೆ ಹಾಲಿಗೆ ವಾಸನೆ ತಗಲುವುದು ಕಡಿಮೆ.